ನಾಲ್ಕಡಿ ಗೆರೆ

ಹೋದ ಬೇಸಿಗೆ ಈ ಕೆಂಪು ಗೆರೆ ಮುಟ್ಟಲು
ತುದಿಗಾಲಲ್ಲಿ ನಿಂತು ಕತ್ತು ಚಾಚಿದ್ದ,
ದೊಡ್ಡ ಜಾರುಬಂಡೆಗೆ ಬಿಡಿ ಅಂತ.

ಈ ಸಲ ಮೊಣಕಾಲು ಮಡಚಿದ್ದಾನೆ.
ಗೆರೆಯ ಕೆಳಗಿದ್ದರೆ ಟಿಕೆಟ್ಟಿಲ್ಲ.

ಮಾಚೇನಹಳ್ಳಿಯ ಫೌಂಡ್ರಿಯಲ್ಲೀಗ
ವಾರಕ್ಕೆ ಮೂರೇ ದಿನ ಕುಲುಮೆಯಂತೆ.
ಅವರಪ್ಪ ನೋಟೆಣಿಸುತ್ತ ನನ್ನ ಮುಖ ನೋಡಲಿಲ್ಲ.
ಅಮ್ಮ ಚಿತ್ರಾನ್ನದ ಡಬ್ಬಿಯನ್ನು ಟವೆಲಲ್ಲಿ ಸುತ್ತಿದ್ದಳು,
ಒಗ್ಗರಣೆ ಘಮ ಟವೆಲಿಗೆ ನಿಲ್ಲುತ್ತದೆಯೇ?

'ಇನ್ನೂ ಸ್ವಲ್ಪ ಬಗ್ಗು ಮರಿ' ಅಂದೆ.
ಎರಡೇ ಟಿಕೆಟ್ ಹರಿದುಕೊಟ್ಟೆ.

ಮೂವತ್ತು ಜನ ಆಗದೆ ಅಲೆ ಬಿಡಬೇಡಿ,
ಓನರ್ ಮಾತು, ಕರೆಂಟ್ ಬಿಲ್ಲಿನ ಮಾತು.
ನಾಲ್ಕು ಗಂಟೆಗೆ ಮುನೀರಣ್ಣ ಮೋಟರ್ ಶೆಡ್ಡಿಂದ ಕೂಗಿದ:
'ಎಷ್ಟಾಯ್ತಕ್ಕಾ?'

ಇಪ್ಪತ್ತೊಂಬತ್ತು.

ಅಲುಗದ ನೀಲಿ ನೀರಲ್ಲಿ
ಆ ಹುಡುಗ
ನೆಟ್ಟಗೆ, ಪೂರ್ತಿ ಎತ್ತರ ನಿಂತು
ಅಲೆ ಕಾಯುತ್ತಿದ್ದ.