ಕಲ್ಲು ಕುಡಿದ ನೀರು

ಫೋಂಡಾದ ಈ ಲ್ಯಾಬಿಗೆ ಕಲ್ಲುಗಳು
ಸಿಮೆಂಟಿನ ಖಾಲಿ ಚೀಲದಲ್ಲಿ ಬರುತ್ತವೆ,
ಕೊರಳಿಗೊಂದು ನಂಬರು ಕಟ್ಟಿಸಿಕೊಂಡು.
ಇಲ್ಲಿಯವರಿಗೆ ಚಿರೆ, ನನ್ನೂರಲ್ಲಿ ಮುರಕಲ್ಲು,
ರಿಜಿಸ್ಟರಿನಲ್ಲಿ ಲ್ಯಾಟರೈಟ್.
ತಕ್ಕಡಿಗೆ ಯಾವ ಹೆಸರೂ ಬೇಡ.
ಒಣಗಿಸಿ ಇಟ್ಟೆ: ನಾನೂರ ಹನ್ನೆರಡು ಗ್ರಾಂ.

ತೂಕ ಸುಲಭ. ತಕರಾರೆಲ್ಲ ಗಾತ್ರದ್ದು.
ಹುಳ ತಿಂದ ಹಲ್ಲಿನಂಥ ಈ ತುಂಡಿಗೆ
ಎಲ್ಲಿಂದ ಎಲ್ಲಿಗೆ ಸ್ಕೇಲು ಹಿಡಿಯಲಿ?
ದಾರ ಕಟ್ಟಿ ಜಾಡಿಯ ನೀರಿಗೆ ಇಳಿಬಿಟ್ಟೆ.
ಐನೂರರ ಗೆರೆಯಲ್ಲಿದ್ದ ನೀರು
ಏಳುನೂರ ಆರಕ್ಕೆ ಏರಿತು.
ಪೆನ್ನಿನ ಮುಚ್ಚಳ ತೆಗೆಯುವಷ್ಟರಲ್ಲಿ
ಏಳುನೂರು. ಆರುನೂರ ತೊಂಬತ್ತು.
ಕಲ್ಲು ತೂತುತೂತಿನಿಂದ ಗುಳ್ಳೆ ಬಿಡುತ್ತ
ಯಾರೂ ನೋಡುತ್ತಿಲ್ಲವೆಂಬಂತೆ ಕುಡಿಯುತ್ತಿತ್ತು.
ಚಹಾ ಮುಗಿಸಿ ಬಂದಾಗ ನೀರು ಆರುನೂರ ಐವತ್ತರಲ್ಲಿ.

ಅದೇ ಕಲ್ಲು, ಅದೇ ಜಾಡಿ.
ಥಟ್ಟನೆ ನೋಡಿದರೆ ಸಾಂದ್ರತೆ ಎರಡು,
ಕಾದು ನೋಡಿದರೆ ಎರಡೂ ಮುಕ್ಕಾಲು.

ಶಾಂಬಾ ಕೊಂಕಣಿಯಲ್ಲಿ ನಕ್ಕರು:
ಬಾಯಿ ಮುಚ್ಚಿಸದೆ ಅಳೆಯಹೊರಟಿದ್ದೀಯಲ್ಲ!
ರಾತ್ರಿಯಿಡೀ ಮತ್ತೆ ಒಣಗಿಸಿ
ಕರಗಿದ ಮೇಣದಲ್ಲಿ ಅದ್ದಿ ತೆಗೆದೆ.
ಹದಿನೆಂಟು ಗ್ರಾಂ ಮೇಣ, ಅದರ ಗಾತ್ರ ಇಪ್ಪತ್ತು.
ನೀರು ಇನ್ನೂರ ಇಪ್ಪತ್ತಾರು ಏರಿ, ಅಲ್ಲೇ ನಿಂತಿತು.
ಇಪ್ಪತ್ತು ಕಳೆ. ಭಾಗಿಸು. ಎರಡು.
ಕೆಳಗೆ ನನ್ನ ಸಹಿ, ಅದರ ಮೇಲೆ ಸೀಲು.

ಹೊರಗೆ ಮಳೆ. ಮುಂದಿನ ಚೀಲ ಹೊತ್ತು ಬಂದ ಹುಲಗಪ್ಪ
ಜಗಲಿಯ ತುದಿಯಲ್ಲಿ ನಿಂತು ಮೇಣದ ಕಲ್ಲು ನೋಡಿದ.
"ಇದಕ್ಕ ಯಾಕ್ರೀ ಅಂಗಿ ತೊಡಿಸೀರಿ?"
ಹೇಳಿದೆ.
"ಎಲ್ಲಾ ತೂತು ಮುಚ್ಚಿ ತೂಗಿದ್ರ
ಅದು ನಿಮ್ಮ ಕಲ್ಲಾತು, ನಮ್ದಲ್ಲ.
ಮಳ್ಯಾಗ ನಮ್ಮ ಕಲ್ಲು ಬಸರಾಗತದರೀ.
ಎಣಿಸೋರು ಮಾತ್ರ ಒಂದಕ್ಕ ಒಂದೇ ಅಂತ ಎಣಸ್ತಾರ."

ಅವನು ಬೀಡಿಗೆ ಕಡ್ಡಿ ಗೀರುವಾಗ
ರಫ್ ಹಾಳೆಯ ಹಿಂದೆ ಲೆಕ್ಕ ಹಾಕಿದೆ, ಯಾರೂ ಕೇಳಿರಲಿಲ್ಲ.
ಒಣಗಿದ ಇಟ್ಟಿಗೆ ಇಪ್ಪತ್ತೆಂಟು ಕಿಲೋ.
ತೋಯ್ದರೆ ಹತ್ತಿರ ಹತ್ತಿರ ಮೂವತ್ತೆರಡು.
ದಿನಕ್ಕೆ ಎಂಬತ್ತು ಕಲ್ಲು ಲಾರಿಗೇರಿಸುವ ಈ ಹೆಗಲು
ಕಲ್ಲಿನ ಜೊತೆಗೆ
ಮುನ್ನೂರು ಕಿಲೋ ಬರೀ ನೀರು ಹೊರುತ್ತದೆ.
ಅದಕ್ಕೆ ರೇಟಿಲ್ಲ. ನನ್ನ ಫಾರಮ್ಮಿನಲ್ಲೂ ಕಾಲಮ್ಮಿಲ್ಲ.

"ಅಡ್ಡಿಲ್ಲ ಬಿಡ್ರೀ," ಅಂದ, ಹಾಳೆ ಓದಲು ಬಾರದಿದ್ದರೂ
ನನ್ನ ಮುಖ ಓದಿ.
ಆಮೇಲೆ ಆ ಕಲ್ಲನ್ನು ಕೈಗೆತ್ತಿಕೊಂಡು
ಹೆಬ್ಬೆರಳ ಉಗುರಿನಿಂದ ಮೇಣ ಸುಲಿಯತೊಡಗಿದ,
ಬೇಯಿಸಿದ ಗೆಣಸಿನ ಸಿಪ್ಪೆ ಸುಲಿದ ಹಾಗೆ.
ಪೂರ್ತಿ ಬರಲಿಲ್ಲ. ಬಂದಷ್ಟು ಸಾಕೆಂದು
ಸೂರಿನ ನೀರು ಬೀಳುವಲ್ಲಿ ಇಟ್ಟು
ಇಬ್ಬರೂ ಬಗ್ಗಿ ಕಿವಿ ಕೊಟ್ಟೆವು.