ತೂತಿಗೆ ಬಣ್ಣವಿಲ್ಲ

ಏಳು ನಿಮಿಷದ ಚಿತ್ರ. ಎರಡನೇ ನಿಮಿಷಕ್ಕೇ
ಗುಂಡಿನ ಸುರಿಮಳೆ.
ಗ್ಯಾಂಗಿನ ಯಜಮಾನ, ಆಳು ಮೂರಡಿ ಹ್ಯಾಟು ನಾಲ್ಕಡಿ,
ಮೈಯೆಲ್ಲ ಜರಡಿಯಾಗಿ ನಿಂತು
ಒಮ್ಮೆ ಕೆಮ್ಮುತ್ತಾನೆ, ಒಂದು ಲೋಟ ನೀರು ಕುಡಿಯುತ್ತಾನೆ.
ಇಪ್ಪತ್ತಮೂರು ತೂತುಗಳಿಂದ ನೀರು ಚಿಮ್ಮಿ
ಕಿಟಕಿಯ ಜೆರೇನಿಯಂ ಅರಳುತ್ತದೆ.
ಅಲ್ಲಿ ಜನ ನಗಬೇಕು.

ಆ ತೂತುಗಳು ನನ್ನ ಪಾಲಿಗೆ ಬಂದವು.
ಲಾಸ್ ಏಂಜಲೀಸಿನಲ್ಲಿ, ನಲವತ್ತಾರರ ಆಗಸ್ಟು,
ಉದ್ದನೆಯ ಕೋಣೆ, ನಲವತ್ತು ಹೆಂಗಸರು,
ಬೆರಳು ಕತ್ತರಿಸಿದ ಬಿಳಿ ಕೈಗವಸು.
ಫ್ಯಾನು ಹಾಕುವಂತಿಲ್ಲ, ಧೂಳು ಕೂರುತ್ತದೆ.
ಗಾಜಿನಂಥ ಹಾಳೆಯ ಬೆನ್ನಿಗೆ ಬಣ್ಣ ತುಂಬಬೇಕು:
ಸೂಟಿಗೆ ಬದನೆಕಾಯಿ ನೇರಳೆ, ಅರವತ್ತೆರಡನೇ ಸೀಸೆ,
ಮೂಗಿಗೆ ಹದಿನಾಲ್ಕು.

'ತೂತಿಗೆ ಯಾವುದು?' ಕೇಳಿದಳು ಹೊಸ ಹುಡುಗಿ.
ತೂತಿಗೆ ಏನೂ ಇಲ್ಲವೇ, ಸುತ್ತ ಬಳಿದು ಒಳಗೆ ಬಿಡು.
ಹಿಂದಿನ ಗೋಡೆ ತಾನೇ ಕಾಣುತ್ತದೆ.

ಸಿಸೆರೊದಲ್ಲಿ ನನ್ನಣ್ಣ ಒಟಾಕರ್
ಹಾಲಿನ ಲಾರಿಯಲ್ಲಿ ಬಿಯರ್ ಪೀಪಾಯಿ ಸಾಗಿಸುತ್ತಿದ್ದ.
ಕೊಟ್ಟಷ್ಟು ಡಾಲರು, ಮೇಲೊಂದು ಓವರ್‌ಕೋಟು.
ಹ್ಯಾಟು ಅವನ ತಲೆಯ ಅಳತೆಯದೇ.
ಪೊಲೀಸರು ಕೋಟು ಮರಳಿಸಿದಾಗ
ಇದ್ದದ್ದು ಒಂದೇ ತೂತು. ಬೆರಳು ಹಾಕಿ ನೋಡಿದೆ,
ಗೋಡೆ ಕಾಣಲಿಲ್ಲ, ಒಳಗಿನ ಅಸ್ತರಿಯೂ ಹರಿದಿತ್ತು.
ಅಮ್ಮ ರಫು ಮಾಡಿದಳು, ಬೂದಿ ಬಟ್ಟೆಗೆ ಕಂದು ದಾರ,
ಮನೆಯಲ್ಲಿದ್ದದ್ದು ಅದೇ.
ಒಳ್ಳೆಯ ಉಣ್ಣೆ, ಎಸೆಯುವುದುಂಟೇ?
ಅಪ್ಪ ಅದನ್ನೇ ತೊಟ್ಟು ಹನ್ನೊಂದು ಚಳಿಗಾಲ
ಟೆಲಿಫೋನಿನ ಕಾರ್ಖಾನೆಗೆ ಹೋದ,
ಎಡಗೈ ಆ ಜಾಗದ ಮೇಲೆ.
ಗಾಳಿ ಬರುತ್ತದೆ ಎನ್ನುತ್ತಿದ್ದ.

ಒಂದು ಸಂಜೆ, ಯಾಕೋ,
ಎದೆಯ ಎಡಕ್ಕಿದ್ದ ಒಂದು ತೂತನ್ನು
ಕಂದು ಬಣ್ಣದಿಂದ ಮುಚ್ಚಿಬಿಟ್ಟೆ.
ಒಂದೇ ಹಾಳೆಯಲ್ಲಿ. ಕಣ್ಣು ಮಿಟುಕಿಸುವಷ್ಟೂ ಇರದು ಪರದೆಯ ಮೇಲೆ.
ಮರುದಿನ ತಪಾಸಣೆಯಿಂದ ಚೀಟಿಯೊಡನೆ ವಾಪಸು:
'ಲಿಬೂಷೆ, ಇಲ್ಲಿ ನೀರಿದೆ, ತೂತಿಲ್ಲ.'
ಕಡ್ಡಿಯ ತುದಿಯಿಂದ ಕೆರೆದೆ, ಹಾಳೆ ಗೀಚದ ಹಾಗೆ,
ನಿಧಾನ,
ಮತ್ತೆ ಗೋಡೆ ಕಾಣುವವರೆಗೆ.

ಥಿಯೇಟರಿನಲ್ಲಿ ನಾನೂ ನಕ್ಕೆ. ಸುಳ್ಳು ಯಾಕೆ ಹೇಳಲಿ,
ಪಕ್ಕದ ಹುಡುಗ ತಿರುಗಿ ನೋಡುವಷ್ಟು ನಕ್ಕೆ.
ಕೆಮ್ಮಿ, ಧೂಳು ಕೊಡವಿ, ಹ್ಯಾಟು ಸರಿಮಾಡಿಕೊಂಡು
ಎದ್ದನಲ್ಲ, ಬಡ್ಡೀಮಗ!

ಚಿತ್ರ ಮುಗಿದ ಮೇಲೆ ಹಾಳೆ ತೊಳೆಯುವುದು ವಾಡಿಕೆ,
ಸೆಲ್ಯುಲಾಯ್ಡು ತುಟ್ಟಿ.
ತೊಟ್ಟಿಯಲ್ಲಿ ಅದ್ದಿದೊಡನೆ ಮೂಗು ಹೋಯಿತು, ಸೂಟು ಹೋಯಿತು,
ಮೊಳಕೈವರೆಗೆ ನೇರಳೆ ನೀರು.
ತೂತುಗಳಲ್ಲಿ ತೊಳೆಯಲು ಏನೂ ಇರಲಿಲ್ಲ.
ಒಣಗಿಸಿ, ಒರೆಸಿ, ಪೇರಿಸಿಟ್ಟೆವು.
ಸೋಮವಾರ ಅದೇ ಹಾಳೆಗಳ ಮೇಲೆ
ಪೆಂಗ್ವಿನ್ನುಗಳ ಮದುವೆ.