ಜೋಡಿಗೂಡು

ನಮ್ಮ ರೇಷ್ಮೆ ಅಂಗಡಿಗೆ ಎರಡು ವಿಳಾಸ:
ಮೂರು ಡಬ್ಲ್ಯೂ ಇದ್ದದ್ದೊಂದು, ಇಲ್ಲದ್ದೊಂದು.
ಅದೇ ಫೋಟೊ, ಅದೇ ದರ,
ಫೋನ್ ನಂಬರಿನ ಕೊನೆಯಲ್ಲಿ ಅದೇ ತಪ್ಪು.

ಗೂಗಲಿನಲ್ಲಿ ಹುಡುಕಿದರೆ ಒಂದೇ ಬರುತ್ತದೆ.
ಇನ್ನೊಂದು ಅಳಿದಿಲ್ಲ, ಇದೆ;
ಕರೆಯುವವರಿಲ್ಲ, ಅಷ್ಟೆ.

ಶಿಡ್ಲಘಟ್ಟದ ಹಿಂದಿನ ಓಣಿಯಲ್ಲಿ ಖುರ್ಷಿದಾಬಿ
ಗೂಡು ಆರಿಸುತ್ತಾಳೆ,
ಕಿವಿಯ ಹತ್ತಿರ ಅಲ್ಲಾಡಿಸಿ.
ಎರಡು ಹುಳ ಸೇರಿ ಕಟ್ಟಿದ್ದು
ಬೇರೆ ಬುಟ್ಟಿಗೆ.
ಎಳೆ ಯಾರದೆಂದು ಬಿಸಿನೀರಿಗೂ ತಿಳಿಯದು.

‘ಮೊದಲು ನೂತದ್ದು ಯಾವುದು?’ ಅಂದೆ.
‘ರಾಟೆ ಅದನ್ನೆಲ್ಲ ಕೇಳಲ್ಲಪ್ಪ,
ಸಿಕ್ಕ ಎಳೆ ಹಿಡಿದು ಎಳೀತದೆ.’

ರಾತ್ರಿ ಕೂತು
ಒಂದು ವಿಳಾಸವನ್ನು ಇನ್ನೊಂದರ ಕಡೆ ತಿರುಗಿಸಿದೆ.
ವಾರ ಕಳೆದು ನೋಡಿದರೆ
ಒಂದೇ ಅಂಗಡಿ, ಎಲ್ಲರಿಗಿಂತ ಮೇಲೆ,
ಅದೇ ತಪ್ಪು ನಂಬರು.